ತಾತನ ರಿವಾಲ್ವರಿಗೆ ಇಟ್ಟ ಗಂಧ

ಗುಂಡು ಹಾರಿಸಿ ಬಂದ ಕೈಗೆ ಒಂದು ವಾಸನೆ ಇರುತ್ತದೆ. ಸುಟ್ಟ ಮದ್ದು, ಬಿಸಿಯಾದ ಹಿತ್ತಾಳೆ, ಯಂತ್ರದ ಎಣ್ಣೆ ಮೂರೂ ಬೆರೆತದ್ದು. ಎರಡು ಸಲ ಸೋಪು ಹಾಕಿ ತೊಳೆದರೂ ಉಗುರಿನ ಸಂದಿಯಲ್ಲಿ ಉಳಿದುಕೊಂಡು, ಬಸ್ಸಿನಲ್ಲಿ ನನ್ನ ಜೊತೆ ಪುಂಗೋಲಿನ ಮನೆಯವರೆಗೂ ಬರುತ್ತದೆ. ಸಿಂಗಾಪುರದಲ್ಲಿ ಬಂದೂಕು ಮನೆಗೆ ತರುವ ಮಾತೇ ಇಲ್ಲ, ಎಲ್ಲವೂ ಕ್ಲಬ್ಬಿನ ಬೀಗದೊಳಗೆ. ವಾಸನೆಗೆ ಮಾತ್ರ ಬೀಗವಿಲ್ಲ. ಹೋದ ಶನಿವಾರ ಕ್ಲಬ್ಬಿನ ಹಿರಿಯ ಸದಸ್ಯ ಲಿಮ್ ಅಂಕಲ್ ತಮ್ಮ ಹಳೆಯ ಪುಟ್ಟ ರಿವಾಲ್ವರನ್ನು ನನ್ನ ಮುಂದಿಟ್ಟು, ಒಳಗೆ ತುಕ್ಕಿನ ಚುಕ್ಕೆ ಕಂಡಿದೆ, ಒರೆಸಲು ಮರೆತಿರಬೇಕು, ವಯಸ್ಸಾಯಿತು, ಇನ್ನು ಶೂಟಿಂಗ್ ಸಾಕು ಎಂದರು. ಈ ಊರಿನ ಸೆಕೆಗೆ ಯಾರ ಬಂದೂಕಾದರೂ ತುಕ್ಕು ಹಿಡಿಯುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಲಿಮ್ ಅಂಕಲ್ ಆಡಿದಂಥ ಮಾತನ್ನೇ ಮೂವತ್ತೈದು ವರ್ಷದ ಹಿಂದೆ ಮೈಸೂರಿನಲ್ಲಿ ನನ್ನ ತಾತ ಆಡಿದ್ದರು. ಆಗ ನಾನು ಸಮಾಧಾನ ಹೇಳಿರಲಿಲ್ಲ.

ತಾತ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಬೇರೆಯವರ ತಾತಂದಿರು ಅಂಚೆಚೀಟಿ ಕೂಡಿಟ್ಟರೆ ನಮ್ಮ ತಾತ ಲೈಸೆನ್ಸು ಮಾಡಿಸಿಕೊಂಡು ಪುಟ್ಟ ರಿವಾಲ್ವರುಗಳನ್ನು ಕೂಡಿಟ್ಟರು. ಮೂರೇ ಮೂರು, ಮೂರೂ ಅಂಗೈಯಲ್ಲಿ ಅಡಗುವಂಥವು, ಮೂರೂ ಅವರಿಗಿಂತ ಹಳೆಯವು. ಗುಂಡನ್ನು ಹೊತ್ತ ಹಿತ್ತಾಳೆ ತೋಟಾದ ಅಂಚಿಗೆ ಏಟು ಬಿದ್ದರೆ ಸಿಡಿಯುವ ಸಣ್ಣ ಗುಂಡಿನವು. ಭಾನುವಾರ ನಡುಮನೆಯಲ್ಲಿ ಹಳೇ ಪೇಪರು ಹಾಸಿ, ಮಧ್ಯದ ಕಡ್ಡಿ ಎಳೆದು, ಆರು ತೂತಿನ ಸಿಲಿಂಡರನ್ನು ಹೊರತೆಗೆದು ನನ್ನ ಕೈಗೆ ಕೊಡುತ್ತಿದ್ದರು. ಅದನ್ನು ಬೆಳಕಿಗೆ ಹಿಡಿದರೆ ಆರು ಪುಟ್ಟ ಸೂರ್ಯರು. ಪಕ್ಕದಲ್ಲಿ ಅತ್ತೆ, ಅಂದರೆ ಅಪ್ಪನ ತಂಗಿ, ಕಣ್ಣು ಕಿರಿದು ಮಾಡಿಕೊಂಡು ಗೋಡೆಯ ಕ್ಯಾಲೆಂಡರಿನ ತಾರೀಖಿಗೆ ಗುರಿ ಹಿಡಿಯುತ್ತಿದ್ದರು. ಅವರ ಕೈ ತಾತನ ಕೈಗಿಂತ ಗಟ್ಟಿ. ಹೆಣ್ಣು ನೋಡಲು ಬಂದವರ ಮುಂದೆಯೂ ಶೂಟಿಂಗ್ ಬಿಡುವುದಿಲ್ಲ ಎಂದು ಹೇಳಿ ಎರಡು ಸಂಬಂಧ ತಪ್ಪಿಸಿಕೊಂಡ ಗಟ್ಟಿಗಿತ್ತಿ. ಊರಿನ ಕ್ಲಬ್ಬಿನ ಪಂದ್ಯದಲ್ಲಿ ಮಗಳು ಗೆಲ್ಲುವುದನ್ನು ಒಮ್ಮೆ ನೋಡಬೇಕೆಂಬುದು ತಾತನ ಒಂದೇ ಹಟ.

ಆ ವರ್ಷದ ಆಯುಧಪೂಜೆಗೆ ತಾತ ಎಂದಿನಂತೆ ಮೂರಕ್ಕೂ ಎಣ್ಣೆ ಹಾಕಿ ದೇವರ ಮುಂದಿಟ್ಟರು. ಹಿಡಿಯ ಮರದ ಮೇಲೆ ಮಾತ್ರ ಒಂದೊಂದು ಚುಕ್ಕೆ ಗಂಧ, ಕುಂಕುಮ. ಕಬ್ಬಿಣಕ್ಕೆ ತಾಕಿಸುವಂತಿಲ್ಲ ಎಂದು ಅವರು ಪ್ರತಿ ವರ್ಷ ಹೇಳುತ್ತಿದ್ದರು. ನನಗಾಗ ಒಂಬತ್ತು ವರ್ಷ, ಭಕ್ತಿ ಮಾತ್ರ ತೊಂಬತ್ತರದು. ಅತ್ತೆ ಪಂದ್ಯಕ್ಕೆ ಒಯ್ಯುವ ರಿವಾಲ್ವರಿಗೆ ದೇವರ ಬಲ ಜಾಸ್ತಿ ಬೇಕಲ್ಲ. ಮಧ್ಯಾಹ್ನ ಎಲ್ಲರೂ ಹೋಳಿಗೆ ಉಂಡು ಮಲಗಿದ್ದಾಗ ಅದರ ಕಡ್ಡಿ ಎಳೆದು, ಆರೂ ತೂತಿಗೆ ಕಿರುಬೆರಳಿನಿಂದ ಗಂಧ ಬಳಿದು, ಮೇಲೆ ಕುಂಕುಮ ಇಟ್ಟೆ. ಇಟ್ಟ ಮೇಲೆ ತಾತನ ಮಾತು ನೆನಪಾಗಿ ಜೀವ ಹಾರಿಹೋಯಿತು. ಹಿತ್ತಲಿನ ನಲ್ಲಿಗೆ ಓಡಿ, ಉಜ್ಜಿ ಉಜ್ಜಿ ತೊಳೆದು, ಲಂಗದಲ್ಲಿ ಒರೆಸಿ, ಇದ್ದಂತೆಯೇ ಇಟ್ಟುಬಂದೆ. ಗಂಧದ ಜೊತೆ ತಾತ ಹಾಕಿದ್ದ ಎಣ್ಣೆಯೂ ಹೋಗಿತ್ತು. ಮರುದಿನ ಅವರು ಮೂರನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಪೂಜೆಯಾದ ಆಯುಧವನ್ನು ಗುರಿಯ ಮುಂದೆಯೇ ತೆಗೆಯಬೇಕು ಎಂಬುದು ಅವರ ನೇಮ. ಪಂದ್ಯಕ್ಕೆ ಇನ್ನೂ ಐದು ವಾರವಿತ್ತು, ಜೊತೆಗೆ ಆ ಸಲ ಮಳೆಯೂ ಬಿಡಲಿಲ್ಲ.

ಪಂದ್ಯದ ದಿನ ಅತ್ತೆಯ ಮೊದಲ ಆರು ಗುಂಡುಗಳೂ ಗುರಿಯ ನಡುವಿನ ಕಪ್ಪು ಚುಕ್ಕೆಗೇ ಬಿದ್ದವು. ತಾತ ನನ್ನ ಭುಜ ಹಿಡಿದುಕೊಂಡಿದ್ದ ಬಿಗಿ ಇನ್ನೂ ನೆನಪಿದೆ. ಆಮೇಲೆ ಖಾಲಿ ತೋಟಾಗಳು ಸಿಲಿಂಡರಿನಿಂದ ಹೊರಗೆ ಬರಲೇ ಇಲ್ಲ. ಅತ್ತೆ ಕಡ್ಡಿಯಿಂದ ತಳ್ಳಿದರು, ಮೇಜಿಗೆ ಕುಟ್ಟಿದರು. ಮೂರು ಬಂದವು, ಮೂರು ಕಚ್ಚಿಕೊಂಡೇ ಇದ್ದವು, ಸಮಯ ಮುಗಿಯಿತು. ಮನೆಗೆ ಬಂದು ತಾತ ಸಿಲಿಂಡರನ್ನು ಕಿಟಕಿಗೆ ಹಿಡಿದು ನೋಡಿದರು. ಒಳಗೆಲ್ಲ ತುಕ್ಕು ತಿಂದ ಗುಳಿ, ತೋಟಾಗಳು ಕಚ್ಚಿಕೊಂಡಿದ್ದು ಅದಕ್ಕೇ. ಅದನ್ನು ಅತ್ತೆಯ ಕೈಗೆ ಕೊಟ್ಟು, "ಎಣ್ಣೆ ಹಾಕೋದು ನಾನೇ ಮರ್ತಿದೀನಿ ಕಣಮ್ಮ. ನನ್ನ ಕೈನ ಇನ್ನು ನಾನೇ ನಂಬಂಗಿಲ್ಲ" ಎಂದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ನಾನು ಬಾಗಿಲ ಹಿಂದೆ ನಿಂತಿದ್ದೆ. ಬಾಯಿ ಬಿಡಲಿಲ್ಲ. ಅತ್ತೆ ಸೋಲಿಗೆ ಅಳಲಿಲ್ಲ. ತಿಂಗಳೊಳಗೆ ತಾತ ಮೂರನ್ನೂ ಬಂದೂಕಿನ ಡೀಲರಿಗೆ ಕೊಟ್ಟು ಬರಿಗೈಯಲ್ಲಿ ಬಂದ ದಿನ ಅತ್ತೆ ಅತ್ತುಬಿಟ್ಟರು. ಆಮೇಲೆ ಭಾನುವಾರಗಳಲ್ಲಿ ತಾತ ಪೇಪರನ್ನು ಹಾಸುತ್ತಿರಲಿಲ್ಲ, ಓದುತ್ತಿದ್ದರು. ಮನೆಯಲ್ಲಿ ಒಂದು ಸ್ಕ್ರೂ ಸಡಿಲವಾದರೂ ಬೇರೆಯವರನ್ನು ಕರೆಯುತ್ತಿದ್ದರು. ನಾನು ಕಾಲೇಜು ಸೇರುವ ಮೊದಲೇ ಹೋಗಿಬಿಟ್ಟರು. ಆ ಮನೆ ಈಗ ಇಲ್ಲ, ಆ ಜಾಗದಲ್ಲಿ ಒಂದು ಲ್ಯಾಬ್ ಇದೆಯಂತೆ.

ಲಿಮ್ ಅಂಕಲ್ ಆ ಮಾತು ಆಡಿದ ಸಂಜೆ, ಇನ್ನು ಒಂದು ದಿನವೂ ತಡೆಯಬಾರದು ಎಂದು ನಿಶ್ಚಯ ಮಾಡಿದೆ. ನಮ್ಮ ಬ್ಲಾಕಿನ ವಾಯ್ಡ್ ಡೆಕ್ಕಿನ, ಅಂದರೆ ಕಟ್ಟಡದ ಕೆಳಗಿನ ತೆರೆದ ಜಾಗದ, ಕಲ್ಲುಬೆಂಚಿನ ಮೇಲೆ ಕೂತು ಅತ್ತೆಗೆ ಫೋನ್ ಮಾಡಿದೆ. ಮಕ್ಕಳು ಸೈಕಲ್ ತುಳಿಯುತ್ತಿದ್ದರು, ಒಂದು ಕಿವಿ ಮುಚ್ಚಿಕೊಂಡು ಎಲ್ಲವನ್ನೂ ಹೇಳಿದೆ. ಗಂಧ, ಕುಂಕುಮ, ನಲ್ಲಿ, ಲಂಗ, ಯಾವುದನ್ನೂ ಬಿಡಲಿಲ್ಲ. ಅತ್ತೆಗೆ ಈಗ ಅರವತ್ತೈದು ದಾಟಿದೆ. ಬೈಯುತ್ತಾರೆ ಎಂದುಕೊಂಡೆ, ಚಿಕ್ಕವಳು ಬಿಡು ಅನ್ನುತ್ತಾರೆ ಎಂದು ಒಳಗೊಳಗೇ ಆಸೆಯೂ ಇತ್ತು. ಅವರು ಎರಡನ್ನೂ ಮಾಡಲಿಲ್ಲ. ಆರೂ ತೂತಿಗಾ ಎಂದು ಮೆಲ್ಲಗೆ ಕೇಳಿದರು. ಹೌದು ಎಂದೆ.

"ಅವತ್ತೇ ಹೇಳಿದ್ದಿದ್ರೆ ನಮ್ಮಪ್ಪ ನಕ್ಕುಬಿಡ್ತಿದ್ರು ಕಣೇ" ಎಂದರು.