ಹೆಬ್ಬೆಟ್ಟಿನ ಉಗುರು

ಜಗಳೂರಿನ ಭೀಮಕ್ಕನ ಬಲಗೈ ಹೆಬ್ಬೆಟ್ಟಿನ ಉಗುರನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ದಪ್ಪಗೆ, ಹಳದಿಯಾಗಿ, ಆಡಿನ ಕೊಂಬಿನ ತುದಿಯ ಹಾಗೆ ಮುಂದಕ್ಕೆ ಬಾಗಿದ್ದು. ಬಿತ್ತನೆ ಶೇಂಗಾ ಮೆಷಿನ್ನಿಗೆ ಹಾಕಿದರೆ ಬೀಜ ಒಡೆಯುತ್ತದೆ, ಕೈಯಲ್ಲೇ ಸುಲಿಯಬೇಕು. ಅವಳು ಕಾಯಿಯ ಮೂತಿಗೆ ಉಗುರು ತಾಗಿಸಿದಳೆಂದರೆ ಪಟ್ಟನೆ ಎರಡು ಹೋಳು. ಕೂಲಿ ಸೇರಿನ ಲೆಕ್ಕ. ಓಣಿಯ ಹೆಂಗಸರೆಲ್ಲ ಇವಳಿಗಿಂತ ಹಿಂದೆಯೇ.

ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ವಿಜಯಶ್ರೀಗೆ ಶೇಂಗಾ ಎಂದರೆ ವಿಷ. ಮೂರು ವರ್ಷದವಳಿದ್ದಾಗ ಒಂದೇ ಒಂದು ಕಾಳು ಬಾಯಿಗೆ ಹಾಕಿಕೊಂಡು ಕೂಸು ನೀಲಿಗಟ್ಟಿತ್ತು. ಆಸ್ಪತ್ರೆಯಿಂದ ಜೀವಂತ ಎತ್ತಿಕೊಂಡು ಬರುವಷ್ಟರಲ್ಲಿ ಗಂಡ ಕೆಂಚೇಶನ ಅರ್ಧ ಕುರಿಗಳು ಮಾರಿಹೋಗಿದ್ದವು.

"ಧೂಳು ಕೂಡ ಆಗಲ್ಲಮ್ಮ," ಎಂದಿದ್ದರು ಡಾಕ್ಟರು.

ಭೀಮಕ್ಕ ಸುಲಿಯುವುದು ಬಿಟ್ಟಾಳು, ಓಣಿ ಬಿಟ್ಟೀತೇ? ಜಗಲಿ ಜಗಲಿಯ ಮೇಲೂ ಸಿಪ್ಪೆಯ ರಾಶಿ. ಕೊನೆಗೆ ಮಗಳನ್ನು ನ್ಯಾಮತಿಯಲ್ಲಿದ್ದ ತಂಗಿ ನಾಗರತ್ನಳ ಮನೆಗೆ ಬಿಟ್ಟು ಬಂದಳು. ಅದಕ್ಕೀಗ ಏಳು ವರ್ಷ.

ಹುಡುಗಿಯ ಜೊತೆ ಸದಾ ಇರಬೇಕಾದ ಪೆನ್ನಿನಂಥ ಇಂಜೆಕ್ಷನ್ ಒಂದಿದೆ. ಅದಕ್ಕೆ ಭೀಮಕ್ಕನ ಎರಡು ತಿಂಗಳ ಕೂಲಿ ಹೋಗುತ್ತದೆ. ಚುಚ್ಚಲಿ ಬಿಡಲಿ, ವರ್ಷ ತಿರುಗಿದರೆ ಎಸೆದು ಹೊಸದು ತರಬೇಕು. ಮಳೆಗಾಲಕ್ಕೆ ಮುಂಚೆ ಅವಳಿಗೆ ಬೇರೆ ಕೂಲಿ ಯಾವುದಿದೆ? ಶೇಂಗಾ ಸುಲಿದೇ ಶೇಂಗಾದ ಮದ್ದು.

ತಿಂಗಳಿಗೊಮ್ಮೆ ಬಸ್ಸು ಬದಲಿಸುತ್ತ, ಹೊನ್ನಾಳಿ ಹಾಯ್ದು ತಂಗಿಯ ಮನೆ ಸೇರುತ್ತಾಳೆ. ಹಿತ್ತಲಿನಿಂದಲೇ ಒಳಗೆ. ತಲೆಗೆ ನೀರು, ತಂಗಿ ತೆಗೆದಿಟ್ಟ ಸೀರೆ, ಆಮೇಲೆ ಮಗಳ ಮುಖ.

ಹೋದ ತಿಂಗಳು ಬಚ್ಚಲಲ್ಲಿ ಕೈ ಉಜ್ಜುತ್ತಿದ್ದಾಗ ನಾಗರತ್ನ ಬಾಗಿಲಲ್ಲೇ ನಿಂತು ಗದರಿದಳು. "ಅದರ ಸಂದಿನಾಗೆ ಧೂಳು ಕೂರ್ತೈತೆ. ಆ ಕೊಂಬು ಕತ್ತರಿಸಾಕೆ ಏನೇ ಅಕ್ಕ ನಿಂಗೆ?"

"ಕತ್ತರಿಸಿದ್ರೆ ದಿನಕ್ಕೆ ಎರಡು ಸೇರು ಕಮ್ಮಿ ಆಗ್ತೈತೆ. ನಿನ್ ಗಂಡ ತುಂಬಿಕೊಡ್ತಾನೇನು?"

"ಮಾರುತಿನಾ? ಅವನ ಬೈಕಿಗೇ ಪೆಟ್ರೋಲ್ ನಾನು ಹಾಕಿಸ್ಬೇಕು."

ಇಬ್ಬರೂ ನಕ್ಕರು. ಭೀಮಕ್ಕ ಸೀರೆ ಉಟ್ಟು ನಡುಮನೆಗೆ ಬರುವುದಕ್ಕೂ ವಿಜಯಶ್ರೀ ಶಾಲೆಯಿಂದ ಓಡಿ ಬರುವುದಕ್ಕೂ ಸರಿಹೋಯಿತು. ನಾಟಕಕ್ಕೆಂದು ಚಿಕ್ಕವ್ವನ ರೇಷ್ಮೆ ಸೀರೆ ಉಟ್ಟು, ಮುಡಿ ತುಂಬ ಕನಕಾಂಬರ ಮುಡಿದಿದ್ದಳು. "ಅವ್ವಾ, ಇವತ್ತು ನಾನೇ ರಾಣಿ!"

ಹೆತ್ತ ಕರುಳಲ್ಲವೇ. ಭೀಮಕ್ಕ ಎರಡೂ ಕೈಯಿಂದ ಮಗಳ ಮುಖ ನೀವಿ, ಬೆರಳು ತನ್ನ ಕಣತಲೆಗೆ ಒತ್ತಿ ಲಟಲಟನೆ ನೆಟಿಕೆ ಮುರಿದಳು. ಯಾರ ಕಣ್ಣೂ ತಾಗದಿರಲಿ ಎಂದು. ನೀವುವಾಗ ಹೆಬ್ಬೆಟ್ಟು ಮಗಳ ತುಟಿಯನ್ನು ಸವರಿಕೊಂಡು ಹೋಗಿತ್ತು.

ಹುಡುಗಿ ತುಟಿ ನೆಕ್ಕಿಕೊಂಡಳು. ನೋಡುನೋಡುತ್ತ ತುಟಿ ಊದಿತು, ಉಸಿರು ಸೀಟಿ ಹೊಡೆಯಿತು. ನಾಗರತ್ನ ತೊಡೆಗೆ ಇಂಜೆಕ್ಷನ್ ಚುಚ್ಚಿದಳು. ಮಾರುತಿ ಬೈಕ್ ತೆಗೆದ, ನಡುವೆ ಹುಡುಗಿಯನ್ನು ಕೂರಿಸಿಕೊಂಡು ನಾಗರತ್ನ ಹಿಂದೆ ಹತ್ತಿದಳು. ಭೀಮಕ್ಕ ಆಸ್ಪತ್ರೆಯವರೆಗೂ ಬರಿಗಾಲಲ್ಲಿ ಓಡಿದಳು. ಒಳಗೆ ಹೋಗಲು ಧೈರ್ಯ ಬರಲಿಲ್ಲ. ಗೇಟಿನ ಬಳಿ ಕೂತು ಆ ಉಗುರನ್ನು ಹಲ್ಲಿನಿಂದ ಕಚ್ಚಿ ಕಚ್ಚಿ ಕಿತ್ತಳು. ರಕ್ತ ಬಂದರೂ ಬಿಡಲಿಲ್ಲ.

ಮಗಳು ಉಳಿದಳು. ಮರುದಿನ ಭೀಮಕ್ಕ ವಾರ್ಡಿನ ಬಾಗಿಲಿಗೆ ಬಂದಾಗ ಹುಡುಗಿ ಹೊದಿಕೆಯನ್ನು ಮೂಗಿನವರೆಗೂ ಎಳೆದುಕೊಂಡಳು.

"ಅವ್ವ, ಅಲ್ಲೇ ನಿಂತ್ಕ."

"ಕೈ ತೊಳ್ದೀನಿ ತಾಯಿ. ಉಗುರೂ ಇಲ್ಲ, ನೋಡು."

"ಬ್ಯಾಡ. ಇನ್ಮೇಲೆ ಬರ್ಬ್ಯಾಡ. ಫೋನ್ ಮಾಡು, ಮಾತಾಡ್ತೀನಿ."

"ಏ ಹುಚ್ಚಿ, ಅವ್ವಗೆ ಹಂಗಂತಾರೇನೇ?" ಎಂದು ನಾಗರತ್ನ ಗದರಿದಳು.

ಭೀಮಕ್ಕ ತಂಗಿಗೆ ಸುಮ್ಮನಿರು ಎಂದು ಸನ್ನೆ ಮಾಡಿದಳು. ಈ ಕೆಲಸವನ್ನೇ ಬಿಟ್ಟೆ ಎಂದು ಹೇಳಲು ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದಳು. ಆದರೆ ಇದ್ದ ಒಂದು ಇಂಜೆಕ್ಷನ್ ಮುಗಿದಿತ್ತು. ಹೊಸದು ಬೇಕು, ಅದೂ ಬೇಗ.

"ಆಗ್ಲಿ ತಾಯಿ," ಎಂದಳು. "ಫೋನೇ ಮಾಡ್ತೀನಿ."

ಸಂಜೆಯ ಬಸ್ಸಿಗೆ ಜಗಳೂರಿಗೆ ಹೊರಟಳು. ಬೆಳಿಗ್ಗೆ ಹೆಬ್ಬೆಟ್ಟಿಗೆ ಬಟ್ಟೆ ಸುತ್ತಿಕೊಂಡು ಶೇಂಗಾ ಚೀಲದ ಮುಂದೆ ಕೂತಳು.