ದೊಡ್ಡಪ್ಪನ ಮೀಸೆಗೆ ಬಿದ್ದ ಬೈಗುಳ

ಆ ಕಾಲದಲ್ಲಿ ನೋವಿಗೆ ನಮ್ಮ ಮನೆಯಲ್ಲಿದ್ದ ಔಷಧ ಒಂದೇ: ಬಾಯಿ ಮುಚ್ಚು. ಹೆಣ್ಣುಮಕ್ಕಳಿಗೆ ಅದು ಎರಡು ಪಾಲು.

ನರಸೀಪುರದ ಹತ್ತಿರ ಅಜ್ಜಿಯ ಊರು, ಬೇಸಿಗೆ ರಜೆ. ಅಟ್ಟದ ಮೇಲೆ ಹುಲ್ಲಿನಲ್ಲಿ ಹಣ್ಣಿಗೆ ಹಾಕಿದ ಮಾವಿನ ಘಮಲು ನಡುಮನೆಗೆಲ್ಲ ಇಳಿಯುತ್ತಿತ್ತು. ಏಣಿಯ ಒಂದು ಮೆಟ್ಟಿಲನ್ನು ಗೆದ್ದಲು ತಿಂದಿತ್ತು. ಹೊಸದು ಹಾಕಿಸೆಂದು ಅಜ್ಜಿ ಯುಗಾದಿಯಿಂದಲೂ ಹೇಳುತ್ತಿದ್ದಳು. ಆಕೆಯ ಹಿರಿಮಗ, ಮನೆಯ ಸರ್ವಾಧಿಕಾರಿ, ಭಾರೀ ಮೀಸೆಯ ಮಾಲೀಕರಾದ ನಮ್ಮ ದೊಡ್ಡಪ್ಪನವರು ವಿಷಯವನ್ನು ಪರಿಶೀಲಿಸುತ್ತಲೇ ಇದ್ದರು. ಪರಿಶೀಲನೆ ಮುಗಿಯುವ ಮೊದಲೇ ನಾನು ಬಿದ್ದೆ. ಎಡ ಮುಂಗೈ ಮುರಿಯಿತು.

ನರಸೀಪುರದ ಡಾಕ್ಟರು, "ಮತ್ತು ಬರಿಸೋ ಔಷಧಿ ನನ್ನ ಹತ್ರ ಇಲ್ಲ. ಮೂಳೆ ಎಳೆದು ಕೂರಿಸ್ಬೇಕು. ಮಗು ಕೊಸರಾಡಿದ್ರೆ ಕೈ ಸೊಟ್ಟ ಆಗುತ್ತೆ" ಎಂದರು.

ಮುಟ್ಟಿದ್ದೇ ತಡ, ಚೀರಿದೆ.

"ಏಯ್, ಬಾಯ್ಮುಚ್ಚು! ಎಣ್ಮಗ ಇಂಗಾ ಕಿರ್ಚದು? ಕೈ ಸೊಟ್ಟಗಾದ್ರೆ ನಾಳೀಕೆ ನಿನ್ನ ಯಾರ್ ಕಟ್ಕಂಡಾರು?" ದೊಡ್ಡಪ್ಪನ ಚಿಂತೆ ಆಗಲೇ ನನ್ನ ಮದುವೆ ಚಪ್ಪರದಲ್ಲಿತ್ತು.

ಅಜ್ಜಿ ನನ್ನನ್ನು ತೊಡೆಗೆ ಒತ್ತಿಕೊಂಡು ಮಗನತ್ತ ತಿರುಗಿದಳು. "ನೀನು ಉಟ್ದಾಗ ನಾನೂ ನಿಮ್ಮಪ್ಪನ್ನ ಬಾಯ್ತುಂಬ ಬೈದಿವ್ನಿ ಕಣ್ಲಾ. ಅದ್ಕೇ ಉಳ್ಕಂಡೆ." ಆಮೇಲೆ ನನ್ನ ಕಿವಿಯಲ್ಲಿ, "ಯಾರ್ ಮ್ಯಾಲವ್ವ ಸಿಟ್ಟು? ಬಯ್ಯಿ. ಕೈ ಮಾತ್ರ ಅಲ್ಲಾಡಿಸ್ಬ್ಯಾಡ."

"ಏಣಿ ಮಾಡಿಸ್ದೇ ಇರೋ ಜಿಪುಣಾ! ನಿನ್ ಮೀಸೇನ ಗೆದ್ಲು ತಿನ್ನ!"

ಮೂಳೆ ಕೂತಿತು. ಕೈ ಅಲ್ಲಾಡಲಿಲ್ಲ, ಅಲ್ಲಾಡಿದ್ದು ಮೀಸೆ. ಮರುದಿನವೇ ಆಚಾರಿ ಬಂದು ಏಣಿಗೆ ಮೆಟ್ಟಿಲು ಬಡಿದ.

ಈಚೆಗೆ ನಂಜನಗೂಡಿನ ನಮ್ಮ ಬೀದಿಯಲ್ಲಿ, ಚಪ್ಪಡಿಯಿಲ್ಲದ ಚರಂಡಿಗೆ ಬಿದ್ದು ಅದೇ ಕೈ ಮುರಿದುಕೊಂಡೆ. ಚಪ್ಪಡಿ ಹಾಕಿಸಿ ಎಂದು ನಗರಸಭೆಗೆ ಬೀದಿಯವರೆಲ್ಲ ಹೇಳಿ ಹೇಳಿ ಸೋತಿದ್ದೆವು. ಮೈಸೂರಿನಲ್ಲಿ ಆಪರೇಷನ್. ಆಮೇಲಿನ ನೋವಿಗೆ ಅಮಲಿನ ಮಾತ್ರೆ ಕೊಟ್ಟರೆ ಅಭ್ಯಾಸವಾಗಿಬಿಡುತ್ತದೆ, ಬೇಡ ಎಂದರು ಅಲ್ಲಿನ ಡಾಕ್ಟರು. ಸಾಧಾರಣ ಮಾತ್ರೆ, ಐಸು, ದೀರ್ಘ ಉಸಿರು, ಕಿವಿಗೆ ಕೊಳಲಿನ ಸಂಗೀತ. ಒಪ್ಪಿದೆ, ನೋವೂ ಸುಮಾರಾಗಿ ಒಪ್ಪಿತು.

"ಜೊತೆಗೆ ಸ್ವಲ್ಪ ಬೈಕೋಬಹುದೇನಮ್ಮ?" ಎಂದು ನರ್ಸನ್ನು ಕೇಳಿದೆ.

"ಶ್! ಆಂಟಿ, ಪಕ್ಕದ ಬೆಡ್ಡಿನೋರು ಮಲಗವ್ರೆ."

ಮತ್ತೆ ಅದೇ ಹಳೆಯ ಔಷಧ.

ಚಪ್ಪಡಿ ಇವತ್ತಿಗೂ ಬಂದಿಲ್ಲ. ಆ ಚರಂಡಿಯ ಮುಂದೆ ನಿಂತಾಗಲೆಲ್ಲ ಬೈಗುಳ ನಾಲಿಗೆಯ ತುದಿಗೆ ಬರುತ್ತದೆ. ಯಾರನ್ನು ಬೈಯಲಿ? ದೊಡ್ಡಪ್ಪ ಎಂಥವರೇ ಇರಲಿ, ಬೈಗುಳ ತಲುಪುವಷ್ಟು ಹತ್ತಿರ ನಿಂತಿದ್ದರು. ಆಸ್ಪತ್ರೆಯಲ್ಲಿ ನೋವು ಹತ್ತರಲ್ಲಿ ಎಷ್ಟು ಎಂದು ಹೊತ್ತುಹೊತ್ತಿಗೂ ಕೇಳಿದರು. ಯಾರ ಮೇಲವ್ವ ಸಿಟ್ಟು ಎಂದು ಒಬ್ಬರೂ ಕೇಳಲಿಲ್ಲ.