ಅಣ್ಣನ ಡಿಪ್ಲೊಮಾ, ನನ್ನ ಅಂಗಡಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆಗೆ ಹೋಗುವ ದಾರಿಯ ಮೇಲೆ ನನ್ನದೊಂದು ಟಿವಿ ರಿಪೇರಿ ಅಂಗಡಿ ಇತ್ತು. ಗಣಿತದಲ್ಲಿ ಫೇಲಾಗಿ ಹತ್ತನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಕೆಲಸವನ್ನು ಯಾರೂ ಕೂಡಿಸಿಕೊಂಡು ಕಲಿಸಲಿಲ್ಲ. ಮನೆಯ ರೇಡಿಯೋ ಬಿಚ್ಚಿದೆ, ಕೆಡಿಸಿದೆ, ಅಪ್ಪನ ಕೈಯಲ್ಲಿ ಏಟು ತಿಂದೆ, ಮತ್ತೆ ಬಿಚ್ಚಿದೆ. ಹೀಗೇ ಕೈ ಕುದುರಿತು. ಸುಗ್ಗಿಯ ಕಾಲಕ್ಕೆ ಪೇಟೆಯ ಕೆಂಪು ಘಾಟು ಹಾರಿ ಬಂದು ಟಿವಿಗಳ ಒಳಗೂ ಕೂಡುತ್ತಿತ್ತು. ಹಿಂದಿನ ಮುಚ್ಚಳ ತೆಗೆದರೆ ಮೊದಲು ಸೀನು, ಆಮೇಲೆ ಕೆಲಸ.

ಅಣ್ಣ ಹಾಗಲ್ಲ. ನಮ್ಮೂರು ಮೋಟೆಬೆನ್ನೂರಿನಿಂದ ದಿನಾ ಹಾವೇರಿಗೆ ಬಸ್ಸಿನಲ್ಲಿ ಓಡಾಡಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ. ಫಸ್ಟ್ ಕ್ಲಾಸು. ಊರಿನಲ್ಲಿ ಅಪ್ಪನ ಕಿರಾಣಿ ಅಂಗಡಿಗೆ ಬಂದವರಿಗೆಲ್ಲ ಅಪ್ಪ ಸಕ್ಕರೆ ಕಟ್ಟಿಕೊಡುತ್ತಲೇ ಅದನ್ನು ಹೇಳುತ್ತಿದ್ದ. ಅಣ್ಣ ಕಂಡಕಂಡಲ್ಲಿ ಅರ್ಜಿ ಹಾಕಿದ, ಹುಬ್ಬಳ್ಳಿ ಬೆಳಗಾವಿಗೆ ಸಂದರ್ಶನಕ್ಕೆ ಹೋಗಿ ಬಂದ. ನೌಕರಿ ಮಾತ್ರ ಬರಲಿಲ್ಲ. ಕೊನೆಗೆ ಒಂದು ಮುಂಜಾನೆ ಅಪ್ಪ ನನ್ನನ್ನು ಕರೆದು, "ಅವನ್ನ ನಿನ್ನ ಕೂಡ ಕರಕೊಂಡು ಹೋಗು. ಮನ್ಯಾಗ ಕುಂತು ಕುಂತು ಹುಡುಗ ಕೆಡಾಕತ್ಯಾನ" ಎಂದ. ಅಣ್ಣ ಅಲ್ಲೇ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ನನ್ನ ಹಿಂದೆಯೇ ಹೊರಟ.

ಅವನಿಗೆ ಕೆಲಸ ಬರುತ್ತಿರಲಿಲ್ಲ ಅಂತಲ್ಲ. ಕರೆಂಟು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ ಅನ್ನುವುದು ನನಗಿಂತ ಚೆನ್ನಾಗಿ ಅವನಿಗೇ ಗೊತ್ತಿತ್ತು. ಆದರೆ ಅವನು ಕೆಟ್ಟ ಟಿವಿ ಮುಂದೆ ಕೂತರೆ ಹಾಳೆಯ ಮೇಲೆ ಗೆರೆ ಎಳೆದು, ಮೀಟರ್ ಹಿಡಿದು, ಮೂಲ ಹುಡುಕುತ್ತ ಹೊತ್ತು ಕಳೆಯುತ್ತಿದ್ದ. ಗಿರಾಕಿಗೆ ಸಂಜೆಯ ಧಾರಾವಾಹಿಯೊಳಗೆ ಟಿವಿ ಬೇಕಿರುತ್ತಿತ್ತು. ಕ್ರಿಕೆಟ್ ಹಂಗಾಮಿನಲ್ಲಿ ಒಮ್ಮೆ ಅಂಗಡಿ ತುಂಬ ಟಿವಿಗಳು. ಅವನು ಮುಂಜಾನೆಯಿಂದ ಒಂದನ್ನೇ ಹಿಡಿದು ಕೂತಿದ್ದ. ನಾನು ಹೋಗಿ ಇಂಥದ್ದೇ ಇರಬೇಕೆಂದು ಒಂದು ಬಿಡಿಭಾಗ ಕಿತ್ತು ಬೇರೆಯದು ಹಚ್ಚಿದೆ. ಪರದೆ ಬೆಳಗಿತು.

"ಅದು ಯಾಕ ಸುಟ್ಟಿತ್ತು ಅಂತ ಗೊತ್ತೈತೇನು ನಿನಗ?" ಎಂದು ಅಣ್ಣ ಕೇಳಿದ.

"ಇಲ್ಲ. ಹಿಂಗಾದ್ರ ಅದನ್ನ ಬದಲಿ ಮಾಡಬೇಕು. ಅಷ್ಟ ಗೊತ್ತು."

"ಮತ್ತ ಸುಡತೈತಿ."

"ಸುಟ್ರ ಮತ್ತ ತರ್ತಾರ."

ಅವನು ಮೀಟರಿನ ವೈರು ಸುತ್ತಿ ಒಳಗಿಟ್ಟ. ಆ ಟಿವಿ ಅವನು ಹೇಳಿದಂತೆಯೇ ಮತ್ತೆ ಬಂತು. ಆದರೂ ತಂದವರು ರಿಪೇರಿಗೆ ಕೇಳಿದ್ದು ನನ್ನನ್ನೇ.

ಇನ್ನೊಂದು ದಿನ ಊಟ ಮುಗಿಸಿ ಬರುವಾಗ ಅಂಗಡಿಯಲ್ಲಿ ಮೆಣಸಿನಕಾಯಿ ದಲಾಲರೊಬ್ಬರು ಅಣ್ಣನ ಜೊತೆ ಮಾತಾಡುವುದು ಕೇಳಿಸಿತು.

"ನಿಮ್ಮ ತಮ್ಮ ಇಲ್ಲೇನ್ರಿ?"

"ಊಟಕ್ಕ ಹೋಗ್ಯಾನ್ರಿ. ಕುಂದ್ರಿ, ನಾ ನೋಡ್ತೇನಿ."

"ಬ್ಯಾಡ್ರಿ, ಅವರ ಬರ್ಲಿ. ಹೊಸಾ ಟಿವಿ ಐತಿ."

ನಾನು ಒಳಗೆ ಬಂದಾಗ ಇಬ್ಬರೂ ಎದುರುಬದುರು ಕೂತಿದ್ದರು. ಟಿವಿ ನಡುವೆ ಇತ್ತು.

ಆ ವರ್ಷವೇ ರಾಣೆಬೆನ್ನೂರಿನಿಂದ ಅಣ್ಣನನ್ನು ನೋಡಲು ಕನ್ಯೆಯ ಕಡೆಯವರು ಬಂದರು. ಅವಲಕ್ಕಿ, ಚಹಾ ಆಯಿತು. ಹುಡುಗಿಯ ಸೋದರಮಾವ, "ಡಿಪ್ಲೊಮಾ ಅಂತ ಕೇಳಿದ್ವಿ. ಈಗ ಏನು ಮಾಡಾಕತ್ತೀರಿ?" ಎಂದ. ಅಪ್ಪ ಬಾಯಿ ತೆರೆಯುವ ಮೊದಲೇ ಅಣ್ಣ, "ತಮ್ಮನ ಅಂಗಡ್ಯಾಗ ಕುಂದರ್ತೇನ್ರಿ" ಎಂದುಬಿಟ್ಟ. ಅವರು ತಿಳಿಸ್ತೇವಿ ಅಂತ ಹೇಳಿ ಹೋದರು. ಅಲ್ಲಿಂದ ಏನೂ ಬರಲಿಲ್ಲ. ಅವ್ವ ಅವರು ಕುಡಿದ ಕಪ್ಪುಗಳನ್ನು ಎಷ್ಟೋ ಹೊತ್ತು ತೊಳೆಯುತ್ತ ಕೂತಿದ್ದಳು.

ಮಳೆಗಾಲಕ್ಕೆ ಮೊದಲು ಅಣ್ಣ ನೌಕರಿ ಸಿಕ್ಕಿತೆಂದು ಹೇಳಿ ರಾಣೆಬೆನ್ನೂರಿನ ಆಚೆ, ಹೊಳೆಯ ದಂಡೆಗಿರುವ ಕಾರ್ಖಾನೆಗೆ ಹೋದ. ಅಲ್ಲೇ ಒಂದು ಖೋಲಿ ಹಿಡಿದ. ಅಪ್ಪ ಕಿರಾಣಿ ಅಂಗಡಿಯಲ್ಲಿ ಮತ್ತೆ ಮಾತು ಶುರುಮಾಡಿದ: ಮಗ ಫ್ಯಾಕ್ಟರಿಯಲ್ಲಿ ಮಷಿನ್ ನೋಡಿಕೊಳ್ಳುತ್ತಾನೆ. ಕೆಲವು ತಿಂಗಳ ಮೇಲೆ ಅವ್ವ ಕೊಟ್ಟ ರೊಟ್ಟಿಗಂಟು ಹಿಡಿದು ನಾನು ಹೋದೆ. ಗೇಟಿನಿಂದ ಹೊರಬಂದವರಲ್ಲಿ ಅಣ್ಣನ ಗುರುತು ತಕ್ಷಣ ಸಿಗಲಿಲ್ಲ. ಹುಬ್ಬಿನ ಮೇಲೆಲ್ಲ ಬಿಳಿ ದೂಳು. ಚೀಲ ಹೊರುವ ಕೆಲಸ, ಗುತ್ತಿಗೆದಾರನ ಕೈಕೆಳಗೆ.

"ಡಿಪ್ಲೊಮಾ ತೋರ್ಸಲಿಲ್ಲೇನು?" ಎಂದೆ.

"ಓದಿದವ್ರನ್ನ ಈ ಕೆಲಸಕ್ಕ ತಗೊಳ್ಳಂಗಿಲ್ಲ. ನಾಳೆ ಕಾಯ್ದೆ ಮಾತಾಡ್ತಾರ, ನಿಲ್ಲಂಗಿಲ್ಲ ಅಂತಾರ. ನಾ ಹತ್ತನೇ ಇಯತ್ತೆ ಪಾಸ್ ಅಂತಷ್ಟ ಹೇಳೇನಿ." ರೊಟ್ಟಿಗಂಟು ತೆಗೆದುಕೊಂಡು, "ಅಪ್ಪಗ ಹೇಳಬ್ಯಾಡ" ಎಂದ.

ನಾನು ಹೇಳಲಿಲ್ಲ. ಅಪ್ಪ ತೀರಿಕೊಳ್ಳುವವರೆಗೂ ಹಾಗೇ ನಂಬಿದ್ದ.

ನನ್ನ ಅಂಗಡಿಯೂ ಮೊದಲಿನಂತೆ ಉಳಿಯಲಿಲ್ಲ. ಹೊಸ ಟಿವಿಗಳಲ್ಲಿ ಬಿಚ್ಚಿ ಬದಲಿಸುವಂಥದ್ದು ಕಡಿಮೆಯಾಯಿತು. ಕೆಟ್ಟರೆ ಇಡೀ ಬೋರ್ಡೇ ಬದಲಿ, ಅದೂ ಕಂಪನಿಯವರ ಕಡೆಯೇ. ಹಾವೇರಿಯಲ್ಲಿ ಒಂದು ಸರ್ವಿಸ್ ಸೆಂಟರ್ ಆಗಿದೆ, ಕೈಯಾಳು ಬೇಕಂತೆ ಅಂತ ಕೇಳಿ ಹೋದೆ. ಮೇಜಿನ ಹಿಂದೆ ಕೂತಿದ್ದವನು ಸಭ್ಯ ಮನುಷ್ಯ. ನೀರು ತರಿಸಿಕೊಟ್ಟ.

"ಏನು ಓದೀರಿ?"

"ಓದಿಲ್ರಿ. ಕೆಲಸ ಬರತೈತಿ. ಬೇಕಾದ್ರ ಒಂದು ಟಿವಿ ಕೊಟ್ಟು ನೋಡ್ರಿ."

"ನಿಮ್ಮ ಮ್ಯಾಲೆ ನನಗ ಸಂಶೆ ಇಲ್ರಿ. ಐಟಿಐನಾದ್ರೂ ಇರಬೇಕಂತ ಮ್ಯಾಲಿನವ್ರು ಹೇಳ್ಯಾರ. ನಾ ಏನು ಮಾಡ್ಲಿ?"

ಬಸ್ ಸ್ಟ್ಯಾಂಡಿಗೆ ನಡೆದುಕೊಂಡೇ ಬಂದೆ. ಬ್ಯಾಡಗಿ ಬಸ್ಸು ನಿಂತಿತ್ತು, ಹತ್ತಲು ಮನಸ್ಸಾಗಲಿಲ್ಲ. ಅದು ಹೋದ ಮೇಲೆ ಮುಂದಿನದಕ್ಕೆ ಕಾಯುತ್ತ ಕೂತೆ.

ಆಮೇಲೆ ಅಂಗಡಿಯಲ್ಲಿ ಮೊಬೈಲ್ ಕರೆನ್ಸಿ ಹಾಕುವುದನ್ನು ಶುರುಮಾಡಿದೆ. ಹಳೆಯ ಟಿವಿಗಳು ಹಿಂದಿನ ಗೋಡೆಗೆ ಒಂದರ ಮೇಲೊಂದು ಸೇರಿದವು. ಅಣ್ಣ ವಾರದ ರಜೆಗೆ ಬಂದರೆ ಅಂಗಡಿಯ ಕಟ್ಟೆಯ ಮೇಲೆ ಕೂಡುತ್ತಿದ್ದ. ಕೆಮ್ಮು ಹತ್ತಿತ್ತು. ಮದುವೆಯ ಮಾತು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಒಂದು ಸಲ ನಾನು ಬಿಚ್ಚಿ ಸೋತು ಬಿಟ್ಟಿದ್ದ ಮೊಬೈಲೊಂದನ್ನು ಅವನ ಕೈಗೆ ಕೊಟ್ಟೆ. "ನೋಡು, ನಿನಗರ ತಿಳಿತೈತೇನು."

ಅವನು ಅದನ್ನು ಬೆಳಕಿಗೆ ಹಿಡಿದ, ತಿರುಗಿಸಿದ. ಬೆರಳುಗಳು ದಪ್ಪಗಾಗಿ ತುದಿಗಳು ಒಡೆದಿದ್ದವು.

"ಒಂದು ಕಾಲಕ್ಕ ತಿಳಿತಿತ್ತು" ಎಂದು ನನ್ನ ಕೈಗೇ ಮರಳಿ ಕೊಟ್ಟ. "ಈಗ ಎಲ್ಲಾ ಮರತೇನಿ."

ಚಹಾ ಹೇಳಲೇ ಎಂದು ಕೇಳಿದೆ. ಹೂಂ ಅಂದ.